ಒಬ್ಬ ಯುದ್ಧಕ್ಕೆ ಹೋದ, ಇನ್ನೊಬ್ಬ ಮನೆಯಲ್ಲಿ ಉಳಿದ

ಕೇಳುಗರೆಲ್ಲರಿಗೂ ನಮಸ್ಕಾರ.

ನನಗೆ ತುಂಬ ಬೇಕಾದವರೊಬ್ಬರು ಲಾರಿ ಓಡಿಸುತ್ತಿದ್ದರು. ಒಂದು ರಾತ್ರಿ ಘಾಟಿ ಇಳಿಯುವಾಗ ಅಪಘಾತ ಆಯಿತು. ಪಕ್ಕದಲ್ಲಿ ಕೂತಿದ್ದ ಕ್ಲೀನರ್ ಹುಡುಗ ಉಳಿಯಲಿಲ್ಲ. ಇವರ ಕೈ ಮುರಿದಿತ್ತು, ಮೂಳೆ ಕೂಡಿಕೊಂಡಿತು. ಆದರೆ ವರ್ಷ ಕಳೆದ ಮೇಲೂ, ಊಟಕ್ಕೆ ಕೂತಾಗ ಒಳಗೆ ಕುಕ್ಕರ್ ಕೂಗಿದರೆ ಸಾಕು, ಇವರ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಬ್ರೇಕ್ ತುಳಿದ ಹಾಗೆ. ಬಾಯಿಗೆ ಹೊರಟ ತುತ್ತು ಅಲ್ಲೇ ನಿಲ್ಲುತ್ತಿತ್ತು. ಹಣೆಯ ಮೇಲೆ ಬೆವರು.

"ಆಗಿದ್ದು ಆಗಿಹೋಯ್ತಲ್ಲ, ಮರೆತುಬಿಡೋ" ಅಂತ ಅವರ ಅಮ್ಮ ಹೇಳುತ್ತಿದ್ದರು. ಪ್ರೀತಿಯ ಮಾತೇ ಅದು. ಆದರೆ ಆ ತಲೆಯೊಳಗೆ ಅದು ಇನ್ನೂ ಆಗಿಹೋಗಿರಲಿಲ್ಲ. ಇವತ್ತು ನಾನು ಹೇಳಬೇಕು ಅಂತಿರುವುದು ಇದನ್ನೇ.

ಈ ಕಾಯಿಲೆಗೆ ವೈದ್ಯರು ಪಿಟಿಎಸ್‌ಡಿ ಅನ್ನುತ್ತಾರೆ. ದೊಡ್ಡ ಆಘಾತ ಕಳೆದ ಮೇಲೂ ಅದು ಮನಸ್ಸನ್ನು ಬಿಡದೆ ಕಾಡುವುದು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರಲ್ಲಿ ಇಂಥದ್ದನ್ನು ಕಂಡು ಶೆಲ್ ಶಾಕ್ ಅಂದರು. ಎಷ್ಟೋ ಜನರನ್ನು ಹೇಡಿಗಳು ಅಂತಲೂ ಜರೆದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪಿಟಿಎಸ್‌ಡಿ ಅನ್ನುವ ಹೆಸರು ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದ ಮೇಲೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಹೆಚ್ಚುಕಡಿಮೆ ಒಂದೂಕಾಲು, ಒಂದೂವರೆ ಕಿಲೋ ತೂಗುವ ಮನುಷ್ಯನ ಮೆದುಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಆದರೆ ನಮ್ಮ ಕಥೆಯ ಭಾಗಗಳು ಹೊರಗೆ ಕಾಣುವುದಿಲ್ಲ. ಕಿವಿಯ ನೇರಕ್ಕೆ, ಒಳಗಡೆ, ಎರಡೂ ಬದಿಯಲ್ಲಿ ಒಂದೊಂದು ಹಿಪ್ಪೊಕ್ಯಾಂಪಸ್ ಇದೆ. ಬಾಗಿದ ಆಕಾರ ನೋಡಿ ಕಡಲಕುದುರೆಯ ಹೆಸರನ್ನೇ ಇಟ್ಟರು. ನಡೆದದ್ದು ಎಲ್ಲಿ, ಯಾವಾಗ ಅನ್ನುವುದನ್ನು ನೆನಪಿಗೆ ಸೇರಿಸುವುದರಲ್ಲಿ ಇದರ ಪಾತ್ರ ದೊಡ್ಡದು. ಕಾಗದದ ಮೇಲೆ ಅಂಚೆಯವರು ಊರು, ತಾರೀಖಿನ ಮೊಹರು ಒತ್ತುತ್ತಾರಲ್ಲ, ಹಾಗೆ. ಅದರ ಮುಂದುಗಡೆ ಬಾದಾಮಿಯಷ್ಟು ಅಮಿಗ್ಡಲ. ಅಪಾಯ ಕಂಡರೆ ಮೊದಲು ಎಚ್ಚರಿಸುವುದು ಅದು. ಹಣೆಯ ಹಿಂದಿನ ಭಾಗ ಅದಕ್ಕೆ "ಏನಿಲ್ಲ, ಸುಮ್ನಿರು" ಅಂತ ಹೇಳಬೇಕು. ಪಿಟಿಎಸ್‌ಡಿ ಇರುವವರಲ್ಲಿ ಅನೇಕರಿಗೆ ಅಮಿಗ್ಡಲ ಜಾಸ್ತಿ ಚುರುಕಾಗಿರುತ್ತದೆ, ಸಮಾಧಾನ ಹೇಳುವ ಭಾಗ ಮಂಕಾಗಿರುತ್ತದೆ. ಮೊಹರು ಸರಿಯಾಗಿ ಬೀಳದ ನೆನಪು ಹಳೆಯದಾಗುವುದೇ ಇಲ್ಲ. ಕುಕ್ಕರ್ ಕೂಗಿದಾಗ ಆ ಕಾಲು ಯಾಕೆ ಬ್ರೇಕ್ ತುಳಿಯುತ್ತಿತ್ತು ಅಂತ ಈಗ ಊಹಿಸಬಹುದು, ಅಲ್ವಾ?

1995ರಲ್ಲಿ ಅಮೆರಿಕದ ಡಗ್ಲಾಸ್ ಬ್ರೆಮ್ನರ್ ಮತ್ತು ಜೊತೆಗಾರರು ವಿಯೆಟ್ನಾಂನಿಂದ ಮರಳಿದ ಸೈನಿಕರ ಮೆದುಳನ್ನು ಎಂಆರ್‌ಐನಲ್ಲಿ ಅಳೆದರು. ಪಿಟಿಎಸ್‌ಡಿ ಇದ್ದವರ ಬಲಬದಿಯ ಹಿಪ್ಪೊಕ್ಯಾಂಪಸ್ ಆ ಕಾಯಿಲೆ ಇಲ್ಲದವರದಕ್ಕಿಂತ ಸರಾಸರಿ ಶೇಕಡ 8ರಷ್ಟು ಚಿಕ್ಕದಿತ್ತು. ಒತ್ತಡದಲ್ಲಿ ಉಕ್ಕುವ ಹಾರ್ಮೋನು ಅದನ್ನು ಸವೆಸಿರಬೇಕು ಅಂತ ಅನೇಕರು ಅಂದುಕೊಂಡರು. ಇಲಿಗಳ ಮೇಲಿನ ಪ್ರಯೋಗಗಳೂ ಆ ಕಡೆಗೇ ಕೈತೋರಿಸುತ್ತಿದ್ದವು.

ಆದರೆ ಯುದ್ಧಕ್ಕೆ ಮೊದಲು ಅವರ ಮೆದುಳು ಹೇಗಿತ್ತು? ಅದನ್ನು ಯಾರೂ ಅಳೆದಿರಲಿಲ್ಲ. ಇಲ್ಲಿ ಮಾರ್ಕ್ ಗಿಲ್ಬರ್ಟ್‌ಸನ್ ಮತ್ತು ರೋಜರ್ ಪಿಟ್ಮನ್ ಅವರ ತಂಡ ಒಂದು ದಾರಿ ಹುಡುಕಿತು. ನನಗೆ ಇದು ಯೋಚಿಸಿದಷ್ಟೂ ಬೆರಗು. ಅವರು ತದ್ರೂಪಿ ಅವಳಿಗಳನ್ನು ಕರೆದರು. ಒಬ್ಬ ವಿಯೆಟ್ನಾಂನಲ್ಲಿ ಕಾದಾಡಿದವನು, ಇನ್ನೊಬ್ಬ ರಣರಂಗವನ್ನೇ ಕಾಣದವನು. ಯುದ್ಧವೇ ಹಿಪ್ಪೊಕ್ಯಾಂಪಸ್ಸನ್ನು ಕುಗ್ಗಿಸಿದ್ದರೆ, ಉಳಿದುಕೊಂಡವನದು ತುಂಬಿಕೊಂಡೇ ಇರಬೇಕು.

2002ರಲ್ಲಿ ಫಲಿತಾಂಶ ಬಂತು. ಕಾಯಿಲೆಯಾದ ಸೈನಿಕನದು ಚಿಕ್ಕದಿತ್ತು. ಮನೆಯಲ್ಲಿ ಉಳಿದವನದೂ ಚಿಕ್ಕದೇ! ಅಷ್ಟೇ ಅಲ್ಲ, ಮನೆಯಲ್ಲಿದ್ದವನದು ಚಿಕ್ಕದಾದಷ್ಟೂ ಯುದ್ಧಕ್ಕೆ ಹೋದವನ ಕಾಯಿಲೆ ಜೋರಾಗಿತ್ತು. ಅಂದರೆ ಆ ವ್ಯತ್ಯಾಸ ಬಹುಶಃ ಮೊದಲೇ ಇತ್ತು.

ಇದನ್ನು ಕೇಳಿ "ಹಾಗಾದರೆ ಅವರು ಹುಟ್ಟಿನಿಂದಲೇ ದುರ್ಬಲರು" ಅನ್ನುವವರಿದ್ದಾರೆ. ಈ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಅಂಥದೇ ಹಿಪ್ಪೊಕ್ಯಾಂಪಸ್ ಇಟ್ಟುಕೊಂಡು ಆ ಇನ್ನೊಬ್ಬ ನೆಮ್ಮದಿಯಾಗಿಯೇ ಇದ್ದನಲ್ಲ! ಅವನಿಗೆ ಈ ಕಾಯಿಲೆ ಬರಲಿಲ್ಲ, ಯಾಕೆಂದರೆ ಅವನ ಮೇಲೆ ಯಾರೂ ಗುಂಡು ಹಾರಿಸಲಿಲ್ಲ.

ಯುದ್ಧ ಏನನ್ನೂ ಮಾಡಲಿಲ್ಲ ಅಂತಲೂ ಅಲ್ಲ. 2008ರಲ್ಲಿ ಇಂಥದೇ ಅವಳಿಗಳಲ್ಲಿ ಮೆದುಳಿನ ಮುಂಭಾಗದ ಒಂದು ಪದರವನ್ನು ನೋಡಿದರು. ಅಲ್ಲಿ ನರಕೋಶಗಳಿರುವ ಬೂದು ಬಣ್ಣದ ಅಂಶ ಕಡಿಮೆ ಇದ್ದದ್ದು ಕಾಯಿಲೆಯಾದ ಸೈನಿಕರಲ್ಲಿ ಮಾತ್ರ. ಅವರ ಅವಳಿಗಳಲ್ಲಿ ಅಲ್ಲ. ಅದು ಆಮೇಲೆ ಆದ ನಷ್ಟ.

2018ರಲ್ಲಿ ಹಲವು ಕೇಂದ್ರಗಳು ಒಟ್ಟಾಗಿ 1,868 ಜನರ ಸ್ಕ್ಯಾನ್ ನೋಡಿದವು. ಹಿಪ್ಪೊಕ್ಯಾಂಪಸ್ ಚಿಕ್ಕದು ಅನ್ನುವುದು ಅಲ್ಲೂ ನಿಂತಿತು. ಆದರೆ ವ್ಯತ್ಯಾಸ ಸಣ್ಣದು. ಹಾಗಾಗಿ ಒಬ್ಬರ ಸ್ಕ್ಯಾನ್ ನೋಡಿ ಕಾಯಿಲೆ ಇದೆ, ಇಲ್ಲ ಅಂತ ಹೇಳಲಾಗದು. ನಿಮ್ಮ ಮನೆಯವರ ಸ್ಕ್ಯಾನ್ ನಾರ್ಮಲ್ ಬಂದರೆ ದಯವಿಟ್ಟು "ನಾಟಕ ಮಾಡ್ತಿದ್ದಾನೆ" ಅನ್ನಬೇಡಿ. ನಿದ್ದೆ ಹೇಗಿದೆ, ಯಾವ ಸದ್ದಿಗೆ ಬೆಚ್ಚುತ್ತಾರೆ, ಯಾವ ದಾರಿ ತಪ್ಪಿಸಿಕೊಂಡು ಓಡಾಡುತ್ತಾರೆ, ಇದನ್ನೆಲ್ಲ ವೈದ್ಯರು ಕೂತು ಕೇಳಿಯೇ ತಿಳಿಯಬೇಕು.

ಇದಕ್ಕೆ ಚಿಕಿತ್ಸೆ ಇದೆ. ಮರೆಸುವುದಲ್ಲ, ಅದರ ತಿರುಗುಮುರುಗು. ನುರಿತವರ ಎದುರು ಕೂತು ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳುವುದು, ಮತ್ತೆ ಮತ್ತೆ ಹೇಳುವುದು. ತಪ್ಪಿಸಿಕೊಂಡ ಜಾಗಗಳಿಗೆ ಸ್ವಲ್ಪಸ್ವಲ್ಪವೇ ಮರಳುವುದು. ಹಳೆಯ ಹೆದರಿಕೆ ಅಳಿಸಿಹೋಗುವುದಿಲ್ಲ. ಅದರ ಪಕ್ಕದಲ್ಲೇ "ಈಗ ಅಪಾಯವಿಲ್ಲ" ಅನ್ನುವ ಹೊಸ ಕಲಿಕೆ ಬೆಳೆಯುತ್ತದೆ. ಎಲ್ಲಿ ಶುರುಮಾಡಬೇಕು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ನಮ್ಮ ಲಾರಿಯವರು ಹಾಗೇ ಮಾಡಿದರು. ಮೊದಲು ನಿಂತ ಲಾರಿಯಲ್ಲಿ, ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಕೂತರು. ತಿಂಗಳುಗಳು ಹಿಡಿಯಿತು. ಮೊನ್ನೆ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಕುಕ್ಕರ್ ಕೂಗಿತು. ಅವರ ಪಾದ ಸ್ವಲ್ಪ ಅಲುಗಿತು. ಅವರು ಪಾದವನ್ನೊಮ್ಮೆ ನೋಡಿಕೊಂಡು, "ಅಮ್ಮಾ, ಎಷ್ಟನೇ ವಿಶಲ್ ಅದು?" ಅಂತ ಕೇಳಿ, ತುತ್ತನ್ನು ಬಾಯಿಗಿಟ್ಟರು.

ನಮಸ್ಕಾರ.