ಮಣಿಕಟ್ಟು ನೇರ ಇರ್ಬೇಕು

ಎಲ್ಲಾರ್ಗೂ ನಮಸ್ಕಾರ. ಬೈಕ್ ಬಗ್ಗೆ ಮಾತಾಡಿ ಅಂತ ರೇಡಿಯೋದವರು ಕರೆದಾಗ ಮೈಲೇಜ್ ಬಗ್ಗೆ ಹೇಳ್ತೀರಾ ಅಂತ ಕೇಳಿದ್ರು. ಬೇಡ, ಮೈಲೇಜ್ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ, ನಾನು ಲಿವರ್ ಬಗ್ಗೆ ಹೇಳ್ತೀನಿ ಅಂದೆ. ಲಿವರ್ ಅಂದ್ರೆ ನಿಮ್ ಗಾಡಿ ಹ್ಯಾಂಡಲ್ಲಲ್ಲಿ ಎಡಗಡೆ ಕ್ಲಚ್ಚು, ಬಲಗಡೆ ಮುಂದಿನ ಬ್ರೇಕು. ದಿನಾ ನೂರಾರು ಸಲ ಹಿಡೀತೀರಿ, ಆದ್ರೆ ಅದು ಮೇಲಕ್ಕೆ ನೋಡ್ತಿದ್ಯಾ ಕೆಳಕ್ಕೆ ನೋಡ್ತಿದ್ಯಾ ಅಂತ ಒಂದಿನಾನೂ ನೋಡಿರಲ್ಲ.

ಈಗ ಕೇಳ್ತಿರೋರಲ್ಲಿ ಬೆಳಗ್ಗೆ ಡೈರಿಗೆ ಹಾಲಿನ ಕ್ಯಾನ್ ಹಾಕ್ಕೊಂಡು ಹೋಗೋರಿದ್ದೀರಿ, ಫ್ಯಾಕ್ಟರಿ ಶಿಫ್ಟಿಗೆ ಹೋಗೋರಿದ್ದೀರಿ, ದಿನವಿಡೀ ಊಟ ಡೆಲಿವರಿ ಮಾಡೋ ಹುಡುಗ್ರಿದ್ದೀರಿ. ಸಂಜೆ ಮನೆಗೆ ಬಂದು ಬೆರಳು ಜೋಮು ಹಿಡೀತು, ಕೈ ನೋಯ್ತಾ ಇದೆ ಅಂತ ಮುಲಾಮು ಹಚ್ತೀರಲ್ಲ, ನಿಮ್ಗೇ ನಾನು ಹೇಳ್ತಿರೋದು. ಒಂದೇ ಒಂದು ಮಾತು. ಗಾಡಿ ಓಡಿಸ್ವಾಗ ಮಣಿಕಟ್ಟು ನೇರ ಇರ್ಬೇಕು. ಮೊಣಕೈಯಿಂದ ಬೆರಳ ಗೆಣ್ಣಿನವರೆಗೂ ಮೇಲೆ ಒಂದು ಸ್ಕೇಲ್ ಇಟ್ರೆ ಕೂತ್ಕೋಬೇಕು, ಅಷ್ಟು ನೇರ.

ನಾನು ಮೆಕ್ಯಾನಿಕ್ ಕೆಲಸ ಕಲಿತಿದ್ದು ಮೈಸೂರಲ್ಲಿ, ಯೆಜ್ಡಿ ಗಾಡಿಗಳ ಮೇಲೆ. ಅವನ್ನ ಮಾಡ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿದ್ರೂ ಆ ಗಾಡಿಗಳು ಇವತ್ತಿಗೂ ನನ್ನತ್ರ ಬರ್ತವೆ, ಬಂದಾಗೆಲ್ಲ ಖುಷಿ ಆಗತ್ತೆ. ಅದ್ರಲ್ಲಿ ಗೇರ್ ಹಾಕೋ ಲಿವರ್ರೇ ಕಿಕ್ಕರ್ರೂ ಹೌದು, ಎಂಥಾ ಗಾಡಿ ಅದು! ನಮ್ಮ ಗುರುಗಳಿಗೆ ಒಂದು ಪದ್ಧತಿ ಇತ್ತು, ಸರ್ವೀಸ್ ಎಲ್ಲಾ ಮುಗಿದ್ಮೇಲೆ ಗಿರಾಕಿನ ಸೀಟ್ ಮೇಲೆ ಕೂರಿಸಿ, ಕಣ್ಣು ಮುಚ್ಚಿ ಕೈ ಇಡಿ ಸ್ವಾಮಿ ಅನ್ನೋರು, ಆ ಕೈ ನೋಡ್ಕೊಂಡು ಲಿವರ್ ಬೋಲ್ಟ್ ಟೈಟ್ ಮಾಡೋರು. ಆವಾಗ ನಂಗೆ ಇದ್ಯಾಕೆ ಅಂತ ಅರ್ಥ ಆಗ್ತಿರ್ಲಿಲ್ಲ. ಅರ್ಥ ಆಗಿದ್ದು ಒಬ್ರು ಮೇಷ್ಟ್ರು ಬಂದಾಗ.

ಆ ಮೇಷ್ಟ್ರು ದಿನಾ ನಂಜನಗೂಡಿಂದ ಮೈಸೂರಿಗೆ ಬರೋರು, 100 ಸಿಸಿ ಗಾಡಿ, ಹೋಗೋಕೆ 25 ಬರೋಕೆ 25 ಕಿಲೋಮೀಟರ್ ಅಂದ್ಕೊಳ್ಳಿ. ನನ್ನತ್ರ ಬಂದಿದ್ದು ಚೈನ್ ಸೌಂಡ್ ಬರ್ತಿದೆ ಅಂತ. ಕೆಲಸ ಆಗೋವರ್ಗೂ ಸ್ಟೂಲ್ ಮೇಲೆ ಕೂತಿದ್ರು, ನಮ್ಮ ಹುಡುಗ ಟೀ ತಂದ್ಕೊಟ್ಟ, ಲೋಟ ಬಲಗೈಲಿ ತಗೊಂಡೋರು ತಕ್ಷಣ ಎಡಗೈಗೆ ಬದಲಾಯಿಸಿದ್ರು. ಯಾಕ್ ಸಾರ್ ಬಿಸಿನಾ ಅಂದೆ. ಇಲ್ಲಪ್ಪ, ಬಲಗೈಲಿ ಹಿಡಿತ ಇಲ್ಲ, ಕ್ಲಾಸಲ್ಲಿ ಬೋರ್ಡ್ ಮೇಲೆ ಬರೀತಾ ಬರೀತಾ ಚಾಕ್‌ಪೀಸ್ ಬಿದ್ದೋಗತ್ತೆ, ಹೆಬ್ಬೆಟ್ಟು ತೋರುಬೆರಳು ನಡುಬೆರಳು ಮೂರೂ ಜೋಮು ಅಂದ್ರು. ಡಾಕ್ಟ್ರು ಮಣಿಕಟ್ಟಿನ ನರ ಒತ್ಕೊಂಡಿದೆ ಅಂತ ಕೈಗೆ ಕಟ್ಟೋ ಪಟ್ಟಿ ಕೊಟ್ಟಿದ್ರಂತೆ, ರಜೆ ಇದ್ದಾಗ ಕಡಿಮೆ ಆಗತ್ತೆ, ಸ್ಕೂಲ್ ಶುರುವಾದ್ರೆ ಮತ್ತೆ ಬರತ್ತೆ, ಬರೆಯೋದ್ರಿಂದಾನೇ ಇರ್ಬೇಕು ಅಂತ ಅವ್ರ ಲೆಕ್ಕ.

ನಂಗೆ ಯಾಕೋ ಅನುಮಾನ ಬಂತು. ಸಾರ್ ಸ್ವಲ್ಪ ಗಾಡಿ ಮೇಲೆ ಕೂತ್ಕೊಳ್ಳಿ ಅಂದೆ. ಕೂತ್ರು, ಹ್ಯಾಂಡಲ್ ಹಿಡಿದ್ರು, ಬ್ರೇಕ್ ಮೇಲೆ ಬೆರಳಿಟ್ರು. ನಾನು ಪಕ್ಕದಿಂದ ನೋಡ್ತೀನಿ, ಬ್ರೇಕ್ ಲಿವರ್ ಆಕಾಶ ನೋಡ್ತಾ ಇದೆ! ಹಿಂದೆ ಒಂದ್ಸಲ ಗಾಡಿ ಬಿದ್ದಿತ್ತಂತೆ, ಯಾರೋ ಲಿವರ್ ಬದಲಾಯಿಸಿ ಹೇಗೆ ಬಂತೋ ಹಾಗೆ ಟೈಟ್ ಮಾಡಿ ಕಳಿಸಿದ್ರು. ಮೇಷ್ಟ್ರ ಬೆರಳು ಮೇಲಕ್ಕೆ, ಮಣಿಕಟ್ಟು ಕೆಳಕ್ಕೆ, ಕೈ ಮಧ್ಯದಲ್ಲಿ ಮುರಿದಂಗೆ ಕಾಣ್ತಿತ್ತು. ಅದ್ರ ಮೇಲೆ ಆಕ್ಸಿಲೇಟರ್ ಕೇಬಲ್ ಸಡಿಲ, ಕಾಲು ಸುತ್ತು ತಿರುಗಿಸಿದ್ಮೇಲೇನೇ ಗಾಡಿ ಎಳೆಯೋದು, ತಿರುಗಿಸಿದಷ್ಟೂ ಮಣಿಕಟ್ಟು ಇನ್ನೂ ಕೆಳಕ್ಕೆ. ದಿನಾ 50 ಕಿಲೋಮೀಟರ್ ಹೀಗೇ. ನಂಗೆ ನಿಜವಾಗ್ಲೂ ಬೇಜಾರಾಯ್ತು, ಎರಡು ನಿಮಿಷದ ಕೆಲಸಕ್ಕೆ ಒಬ್ಬ ಮನುಷ್ಯ ಎರಡು ವರ್ಷ ನೋವು ತಿಂದಿದ್ದಾರಲ್ಲ ಅಂತ.

ಹತ್ತರ ಸ್ಪ್ಯಾನರ್ ತಗೊಂಡೆ, ಬೋಲ್ಟ್ ಸಡಿಲ ಮಾಡ್ದೆ, ಲಿವರ್ ಕೆಳಕ್ಕೆ ತಿರುಗಿಸ್ದೆ, ತುದೀಲಿ ನೋಡಿದ್ರೆ ಎರಡು ಬೆರಳಗಲ ಇಳೀತು ಅಷ್ಟೆ. ಆಕ್ಸಿಲೇಟರ್ ಕೇಬಲ್ ಪ್ಲೇ, ಅಂದ್ರೆ ಎಳೆಯೋಕೆ ಮುಂಚೆ ಖಾಲಿ ಆಡೋದು, ಅದನ್ನ ಸರಿ ಮಾಡ್ದೆ. ಹಿಡಿದು ನೋಡಿ ಸಾರ್ ಅಂದೆ. ಹಿಡಿದ್ರು, ಸುಮ್ನೆ ಕೂತ್ರು, ಆಮೇಲೆ ಎಡಗೈದೂ ಹಿಂಗೇ ಮಾಡ್ಕೊಡಿ ಅಂದ್ರು. ಎರಡು ತಿಂಗಳಾದ್ಮೇಲೆ ಬಂದಾಗ ಚಾಕ್‌ಪೀಸ್ ಬೀಳಲ್ಲ ಈಗ ಅಂತ ಹೇಳಿದ್ರು, ಪಟ್ಟಿ ಕಟ್ಟಿರ್ಲಿಲ್ಲ.

ಯಾಕೆ ಹಿಂಗಾಗತ್ತೆ ಅಂದ್ರೆ, ಅಂಗೈ ಕಡೆಯಿಂದ ಮಣಿಕಟ್ಟಿನ ಒಳಗೆ ಒಂದು ಕಿರಿದಾದ ದಾರಿ ಇದೆ, ಬೆರಳು ಮಡಿಸೋ ಸ್ನಾಯುರಜ್ಜುಗಳೂ ಹೆಬ್ಬೆಟ್ಟಿನ ಕಡೆ ಬೆರಳುಗಳಿಗೆ ಹೋಗೋ ನರಾನೂ ಒಟ್ಟಿಗೆ ಅದ್ರಲ್ಲೇ ಹೋಗ್ಬೇಕು. ಮಣಿಕಟ್ಟು ಬಾಗಿಸಿದ್ರೆ ಆ ದಾರೀಲಿ ಒತ್ತಡ ಏರತ್ತೆ. ಬಾಗಿಸ್ಕೊಂಡೇ ದಿನಾ ಗಂಟೆಗಟ್ಲೆ ಲಿವರ್ ಹಿಡಿದ್ರೆ ನರ ಏನ್ ಮಾಡತ್ತೆ ಪಾಪ. ಅದಕ್ಕೇ ಹೇಳೋದು, ಮಣಿಕಟ್ಟು ನೇರ ಇರ್ಬೇಕು.

ಈಗ ನೀವು ಮಾಡ್ಬೇಕಾದ್ದು ಕೇಳಿ. ಗಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ, ಸೀಟ್ ಮೇಲೆ ದಿನಾ ಕೂರೋ ಜಾಗದಲ್ಲೇ ಕೂತ್ಕೊಳ್ಳಿ, ನೆಟ್ಟಗೆ ಪೆರೇಡಿಗೆ ಕೂತಂಗೆ ಬೇಡ, ದಿನಾ ಹೆಂಗ್ ಕೂರ್ತೀರೋ ಹಂಗೆ. ಭುಜ ಸಡಿಲ ಬಿಡಿ. ಗ್ರಿಪ್ ಹಿಡಿದು ಬೆರಳು ನೇರ ಚಾಚಿ. ನಿಮ್ ತೋಳು ಮೇಲಿಂದ ಕೆಳಕ್ಕೆ ಇಳಿಜಾರಲ್ಲಿ ಬರತ್ತೆ ನೋಡಿ, ಅದೇ ಇಳಿಜಾರಲ್ಲಿ ಬೆರಳು ಹೋಗಿ ಲಿವರ್ ಮೇಲೆ ಕೂತ್ಕೋಬೇಕು. ಬೆರಳು ಎತ್ತಿ ಹುಡುಕ್ಬೇಕಾಯ್ತು ಅಂದ್ರೆ ಲಿವರ್ ಮೇಲಿದೆ, ಇಳಿಸಿ. ಕೈ ಮಡಚಿ ಕೆಳಗೆ ಹುಡುಕ್ಬೇಕಾಯ್ತು ಅಂದ್ರೆ ತುಂಬಾ ಕೆಳಗಿದೆ, ಏರಿಸಿ. ಪಕ್ಕದಿಂದ ಮನೆಯವ್ರು ಯಾರಾದ್ರೂ ನೋಡಿ ಹೇಳ್ಲಿ, ಮಕ್ಕಳಿಗೂ ಗೊತ್ತಾಗತ್ತೆ ಇದು.

ಲಿವರ್ ಬುಡಾನ ಹ್ಯಾಂಡಲ್ಲಿಗೆ ಹಿಡಿದಿರೋ ಬೋಲ್ಟ್ ಪೂರ್ತಿ ಬಿಚ್ಬೇಡಿ, ತಿರುಗೋ ಅಷ್ಟು ಸಡಿಲ ಮಾಡಿದ್ರೆ ಸಾಕು. ಡಿಸ್ಕ್ ಬ್ರೇಕ್ ಗಾಡಿ ಆದ್ರೆ ಲಿವರ್ ಜೊತೆ ಆಯಿಲ್ ಡಬ್ಬಿನೂ ತಿರುಗತ್ತೆ, ಅದು ಹೆಚ್ಚು ವಾಲ್ಬಾರ್ದು, ಸ್ವಲ್ಪಸ್ವಲ್ಪ ತಿರುಗಿಸಿ. ಅದ್ರ ಕ್ಲಾಂಪಿಗೆ ಎರಡು ಬೋಲ್ಟ್ ಇರ್ತವೆ, ಮೊದ್ಲು ಮೇಲಿಂದು ಟೈಟ್ ಮಾಡಿ ಆಮೇಲೆ ಕೆಳಗಿಂದು. ಜೀವ ಹೋಗೋ ಹಂಗೆ ಟೈಟ್ ಮಾಡ್ಬೇಡಿ ಮತ್ತೆ! ಕೈಲಿ ಜೋರಾಗಿ ತಿರುಗಿಸಿದ್ರೆ ಮಾತ್ರ ಜರುಗೋ ಅಷ್ಟಿರ್ಲಿ, ಆಗ ಗಾಡಿ ಬಿದ್ರೆ ಲಿವರ್ ತಿರುಗ್ಕೊಳತ್ತೆ, ಮುರಿಯಲ್ಲ. ಇಂಡಿಕೇಟರ್ ಸ್ವಿಚ್ ಡಬ್ಬಿ ಮಾತ್ರ ತಿರುಗ್ಸಕ್ಕೆ ಹೋಗ್ಬೇಡಿ, ಎಷ್ಟೋ ಗಾಡೀಲಿ ಅದ್ರೊಳಗೆ ಸಣ್ಣ ಪಿನ್ ಇರತ್ತೆ, ಹ್ಯಾಂಡಲ್ ತೂತಿಗೆ ಕೂತಿರತ್ತೆ, ಬಲ ಹಾಕಿದ್ರೆ ಪಟ್ ಅನ್ನತ್ತೆ.

ಟೈಮ್ ಆಗ್ತಾ ಇದೆ ಅಂತ ಇಲ್ಲಿ ಕೈ ತೋರಿಸ್ತಿದ್ದಾರೆ, ಉಳಿದಿದ್ದು ಬೇಗ ಹೇಳ್ಬಿಡ್ತೀನಿ. ಕ್ಲಚ್ ಲಿವರ್ ತುದೀಲಿ 10ರಿಂದ 20 ಮಿಲಿಮೀಟರ್ ಖಾಲಿ ಆಡ್ಬೇಕು, ಪೂರ್ತಿ ಬಿಗಿ ಮಾಡಿದ್ರೆ ಕ್ಲಚ್ ಪ್ಲೇಟ್ ಸುಡತ್ತೆ, ಜಾಸ್ತಿ ಸಡಿಲ ಬಿಟ್ರೆ ಗೇರ್ ಕಚ್ಚತ್ತೆ. ಆಕ್ಸಿಲೇಟರ್ 2ರಿಂದ 6 ಮಿಲಿಮೀಟರ್. ಕ್ಲಚ್ ಗಟ್ಟಿ ಇದ್ರೆ ಕೈಗೆ ಬಲ ಇಲ್ಲ ಅಂದ್ಕೋಬೇಡಿ, ಹೆಚ್ಚಾಗಿ ಕೇಬಲ್ ಒಳಗೆ ತುಕ್ಕು ಹಿಡಿದಿರತ್ತೆ, ಹೊಸ ಕೇಬಲ್ ಹಾಕ್ಸಿ, ದುಬಾರಿ ಏನಲ್ಲ. ಆಕ್ಸಿಲೇಟರ್ ಹಿಡಿಯೋವಾಗ ಸುತ್ತಿಗೆ ಹಿಡಿದಂಗೆ ಹಿಡೀಬೇಡಿ, ಬಾಗಿಲಿನ ಗುಂಡು ಹಿಡಿ ತಿರುಗಿಸ್ತೀವಲ್ಲ ಹಂಗೆ ಸ್ವಲ್ಪ ಓರೆಯಾಗಿ ಹಿಡೀರಿ, ಮಣಿಕಟ್ಟು ತಾನಾಗೇ ನೇರ ಆಗತ್ತೆ. ಕೈ ಚಿಕ್ಕದಿರೋರಿಗೆ, ಹೆಣ್ಮಕ್ಕಳು ಇದನ್ನ ಕೇಳಿ, ಕೆಲವು ಗಾಡೀಲಿ ಲಿವರ್ ಬುಡದಲ್ಲಿ 1, 2, 3, 4 ಅಂತ ಬರೆದಿರೋ ಸಣ್ಣ ಚಕ್ರ ಇರತ್ತೆ, ತಿರುಗಿಸಿದ್ರೆ ಲಿವರ್ ಹತ್ರ ಬರತ್ತೆ, ಶೋರೂಮಲ್ಲಿ ಇದನ್ನ ಯಾರೂ ಹೇಳ್ಕೊಡಲ್ಲ, ನೀವೇ ಕೇಳಿ.

ಹ್ಯಾಂಡಲ್ ತಿರುಗಿಸಿ ಎತ್ತರ ಮಾಡ್ಕೊಳ್ಳೋದು ಬೇರೆ ದೊಡ್ಡ ವಿಷ್ಯ, ಇವತ್ತು ಆಗಲ್ಲ. ಕೊನೇದಾಗಿ, ಲಿವರ್ ತಿರುಗಿಸಿದ್ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ನ್ಯೂಟ್ರಲ್ಲಲ್ಲೇ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಇಂಜಿನ್ ಸೌಂಡ್ ಏರಿದ್ರೆ ಕೇಬಲ್ ಎಳೀತಿದೆ ಅಂತ ಅರ್ಥ, ಸರಿ ಮಾಡ್ದೆ ರೋಡಿಗೆ ಇಳೀಬೇಡಿ. ಲಿವರ್ ಟ್ಯಾಂಕಿಗೆ ತಾಗ್ಬಾರ್ದು. ಮಿರರ್ ಲಿವರ್ ಬುಡಕ್ಕೇ ಕೂತಿರೋ ಗಾಡಿ ಆದ್ರೆ ಅದೂ ವಾಲಿರತ್ತೆ, ಸರಿ ಮಾಡ್ಕೊಂಡು, ಮನೆ ಮುಂದೆ ಒಂದು ರೌಂಡ್ ನಿಧಾನಕ್ಕೆ ಹೋಗಿ, ಎರಡೂ ಬ್ರೇಕ್ ಹಿಡಿದು ನೋಡಿ, ವಾಪಸ್ ಬಂದು ಬೋಲ್ಟ್ ಇನ್ನೊಂದ್ಸಲ ಮುಟ್ಟಿ ನೋಡಿ. ನಮಸ್ಕಾರ.