ಈ ಹೈಫನ್ ಹೆಸರಿನದೋ, ಆಜ್ಞೆಯದೋ?
(ಮಡಿಕೇರಿಯಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಇಲ್ಲಿರುವ ಬಹುತೇಕರು ಉಬುಂಟು, ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಬಳಸುವವರೇ. ಹಾಗಾಗಿ ಉದ್ದ ಪೀಠಿಕೆ ಬೇಡ. ಅವುಗಳಲ್ಲಿ ಪ್ಯಾಕೇಜುಗಳನ್ನು, ಅಂದರೆ ಕಟ್ಟಿಟ್ಟ ತಂತ್ರಾಂಶಗಳನ್ನು, ಹಾಕುವ, ತೆಗೆಯುವ ಆಜ್ಞೆಯೇ ಆಪ್ಟ್-ಗೆಟ್.

ಆಪ್ಟ್-ಗೆಟ್‌ಗೆ ‘ಇನ್‌ಸ್ಟಾಲ್’ ಅಂತ ಹೇಳಿ, ಪ್ಯಾಕೇಜಿನ ಹೆಸರಿನ ಕೊನೆಗೊಂದು ಹೈಫನ್ ಅಂಟಿಸಿ ನೋಡಿ. ಆ ಪ್ಯಾಕೇಜನ್ನು ಅದು ಹಾಕುವುದಿಲ್ಲ, ಕಿತ್ತುಹಾಕುತ್ತದೆ. ‘ರಿಮೂವ್’ ಅಂದು ಕೊನೆಗೆ ಪ್ಲಸ್ ಹಾಕಿದರೆ ತಂದು ಕೂರಿಸುತ್ತದೆ. ಇದು ಬಗ್ ಅಲ್ಲ, ಅದರ ಕೈಪಿಡಿಯಾದ ಮ್ಯಾನ್ ಪೇಜಿನಲ್ಲೇ ಬರೆದಿಟ್ಟಿದ್ದಾರೆ. ಒಂದೇ ಸಾಲಿನಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಹಾಕಲು ಅನುಕೂಲ, ನಿಜ. ಆದರೆ ಡೆಬಿಯನ್ ನಿಯಮದಂತೆ ಪ್ಯಾಕೇಜಿನ ಹೆಸರಿನೊಳಗೇ ಹೈಫನ್, ಪ್ಲಸ್, ಚುಕ್ಕಿ ಮೂರೂ ಬರಬಹುದು! ಹೆಸರಲ್ಲಿ ಬರುವ ಚಿಹ್ನೆಗೆ ಆಜ್ಞೆಯ ಅಧಿಕಾರ ಕೊಡಬಾರದು. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ.

ಒಂದು ಘಟನೆ ಹೇಳುತ್ತೇನೆ. ಹಿಂದೆ ಕೇಳಿದವರು ಇನ್ನೊಮ್ಮೆ ಕೇಳಿ. ಸಿದ್ದಾಪುರದ ಕಡೆ ಒಂದು ಕಾಫಿ ಎಸ್ಟೇಟು. ಆಫೀಸಿನ ಕಂಪ್ಯೂಟರಿನಲ್ಲಿ ಉಬುಂಟು 18.04. ಅಲ್ಲಿನ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವನು, ಒಬ್ಬ ಚುರುಕಾದ ಹುಡುಗ. ಫೈರ್‌ಫಾಕ್ಸಿನ ಮೆನುಗಳೆಲ್ಲ ಕನ್ನಡದಲ್ಲಿ ಬಂದರೆ ಉಳಿದವರಿಗೂ ಸಲೀಸು ಅಂತ ಅವನ ಆಸೆ. ಅದಕ್ಕೆ ಬೇಕಾದ ಪ್ಯಾಕೇಜು ‘ಫೈರ್‌ಫಾಕ್ಸ್-ಲೊಕೇಲ್-ಕೆಎನ್’. ಅವನ ಕೈಗೆ ಸಿಕ್ಕ ಪಿಡಿಎಫ್‌ನಲ್ಲಿ ಆಜ್ಞೆ ಸರಿಯಾಗಿಯೇ ಇತ್ತು. ಸಾಲು ಉದ್ದವಾಯಿತು, ಮೊದಲ ಹೈಫನ್ ಆದ ಮೇಲೆ ಮುರಿದು ಕೆಳಗಿಳಿದಿತ್ತು, ಅಷ್ಟೇ. ಹುಡುಗ ಎರಡೂ ಸಾಲು ಕಾಪಿ ಮಾಡಿ ಟರ್ಮಿನಲ್ಲಿಗೆ ಪೇಸ್ಟ್ ಮಾಡಿದ. ಸಾಲು ಮುರಿದ ಕಡೆಯೇ ಎಂಟರ್ ಒತ್ತಿದಂತಾಯಿತು. ಅಡ್ಮಿನ್ ಅಧಿಕಾರ ಕೊಡುವ ಸುಡೊ ಪಾಸ್‌ವರ್ಡನ್ನು ಆಗಲೇ ಕೊಟ್ಟಿದ್ದ. ಆಪ್ಟ್-ಗೆಟ್‌ಗೆ ಕಂಡದ್ದು ಏನು? ‘ಇನ್‌ಸ್ಟಾಲ್ -ವೈ ಫೈರ್‌ಫಾಕ್ಸ್-’. ಬಾಲದಲ್ಲಿ ಹೈಫನ್! ಎಲ್ಲಕ್ಕೂ ‘ಹೂಂ’ ಅನ್ನುವ -ವೈ ಇದ್ದದ್ದರಿಂದ ‘ಮುಂದುವರಿಯಲೇ’ ಅಂತ ಕೇಳುವ ಪ್ರಶ್ನೆಯೂ ಇಲ್ಲ. ತೆಗೆದುಹಾಕುತ್ತೇನೆ ಅನ್ನುವ ಸಾಲು ಬಂದು ಸರ್ರನೆ ಮೇಲೆ ಓಡಿತು.

ಸಂಜೆ ಫೋನು ಬಂತು. “ಅಣ್ಣಾ, ಕನ್ನಡ ಬರ್ಲಿಲ್ಲ, ಬ್ರೌಸರೇ ಹೋಯ್ತು!”

ಬುಕ್‌ಮಾರ್ಕುಗಳೆಲ್ಲ ಹೋಮ್ ಫೋಲ್ಡರಿನಲ್ಲಿರುತ್ತವೆ, ಅವಕ್ಕೇನೂ ಆಗಿರಲಿಲ್ಲ. ಆದರೆ ಜುಲೈ ತಿಂಗಳ ಮಳೆ, ಆ ಫೋನಾದ ಮೇಲೆ ಕರೆಂಟೂ ಹೋಯಿತು, ಟವರೂ ಹೋಯಿತು. ಮತ್ತೆ ಇಳಿಸಿಕೊಳ್ಳಲು ಮಾರನೆಯ ದಿನದವರೆಗೆ ಕಾಯಬೇಕಾಯಿತು. ‘ಓದಿಕೊಂಡು ಒತ್ತಬೇಕಿತ್ತು’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹುಡುಗ ಬರೆದದ್ದು ಇನ್‌ಸ್ಟಾಲ್. ಇನ್‌ಸ್ಟಾಲ್ ಅಂದ ಮೇಲೆ ಕಿತ್ತುಹಾಕುವುದು ಯಾವ ನ್ಯಾಯ?

ಚುಕ್ಕಿಯ ಕಥೆಯೂ ಇದೇ. ಕೊಟ್ಟ ಹೆಸರಿನ ಪ್ಯಾಕೇಜು ಸಿಗದೆ, ಅದರಲ್ಲಿ ಚುಕ್ಕಿ ಕಂಡರೆ, ಆಪ್ಟ್-ಗೆಟ್ ಅದನ್ನು ರೆಜೆಕ್ಸ್ (ಒಂದೇ ಸಲಕ್ಕೆ ಹಲವು ಹೆಸರುಗಳಿಗೆ ಹೊಂದುವ ನಮೂನೆ) ಅಂದುಕೊಂಡು ಹೊಂದುವ ಎಲ್ಲ ಪ್ಯಾಕೇಜುಗಳಿಗೂ ಕೈಹಾಕುತ್ತದೆ. 2020ರಲ್ಲಿ ಬಂದ ಆಪ್ಟ್ 2.0ರಲ್ಲಿ ಆಪ್ಟ್-ಗೆಟ್‌ನ ಜೊತೆಗಾರನಾದ ‘ಆಪ್ಟ್’ ಆಜ್ಞೆಯ ಮಟ್ಟಿಗೆ ಇದನ್ನು ಬಿಗಿ ಮಾಡಿದರು: ಮೊದಲಿಗೆ ^ ಅಥವಾ ಕೊನೆಗೆ $ ಇದ್ದರೆ ಮಾತ್ರ ರೆಜೆಕ್ಸ್. ಬಹಳ ಒಳ್ಳೆಯ ಕೆಲಸ. ಹೈಫನ್ನಿಗೂ ಅದೇ ಶಿಸ್ತು ಬರಲಿ ಅಂತ ನನ್ನ ಆಗ್ರಹ.

ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನವರದು ಇನ್ನೊಂದು ವಿಶೇಷ. ಅಲ್ಲಿ ಬರೀ ‘-’ ಅನ್ನುವ ಹೆಸರಿನ ಪ್ಯಾಕೇಜೇ ಇತ್ತು! ಒಳಗೆ ಕೆಲಸಕ್ಕೆ ಬರುವಂಥದ್ದು ಏನೂ ಇಲ್ಲ. ಆದರೂ 2021ರ ಹೊತ್ತಿಗೆ 7 ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್. ‘ಇಡೀ ಕಂಪ್ಯೂಟರಿಗೆ ಹಾಕು’ ಅನ್ನುವ ‘-ಜಿ’ ಬರೆಯುವಾಗ ನಡುವೆ ಒಂದು ಸ್ಪೇಸ್ ಬಿದ್ದರೆ ಹೈಫನ್ನೇ ಹೆಸರಾಗಿಬಿಡುತ್ತದೆ, ಅದರಿಂದಲೇ ಇಷ್ಟಾಗಿರಬೇಕು ಅಂತ ಊಹೆ. ಮತ್ತೆ ಅದೇ ಮಾತು ನೋಡಿ, ಹೆಸರಿಗೂ ಆಜ್ಞೆಗೂ ಒಂದೇ ಚಿಹ್ನೆ.

ಚೀಟಿ ಬಂತು, ಎರಡೇ ನಿಮಿಷವಂತೆ. ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಪಿಪ್‌ನಲ್ಲಿ, ‘ಈ ಆವೃತ್ತಿ ಅಥವಾ ಇದಕ್ಕಿಂತ ಹೊಸದು’ ಅನ್ನಲು >= ಹಾಕುವಾಗ ಕೋಟ್ಸ್ ಮರೆಯಬೇಡಿ. ಮರೆತರೆ, ಟರ್ಮಿನಲ್ಲಿನಲ್ಲಿ ನಮ್ಮ ಆಜ್ಞೆ ಓದುವ ಶೆಲ್ ಆ > ಅನ್ನು ‘ಫೈಲಿಗೆ ಬರೆ’ ಅನ್ನುವ ತನ್ನ ಆಜ್ಞೆಯೆಂದುಕೊಂಡು, ‘=2.0’ ಥರದ ಹೆಸರಿನ ಫೈಲು ಮಾಡಿಟ್ಟು ಸುಮ್ಮನಾಗುತ್ತದೆ.  

ಲ್ಯಾಪ್‌ಟಾಪ್ ತಂದವರು ಊಟಕ್ಕೆ ಏಳುವ ಮೊದಲು ಆಪ್ಟ್-ಗೆಟ್‌ಗೆ -ಎಸ್ ಕೊಟ್ಟು, ಫೈರ್‌ಫಾಕ್ಸಿನ ಬಾಲಕ್ಕೆ ಹೈಫನ್ ಹಾಕಿ ನೋಡಿ. ಏನು ಮಾಡಲಿದೆ ಅಂತ ತೋರಿಸುತ್ತದೆ, ಯಾವುದನ್ನೂ ಮುಟ್ಟುವುದಿಲ್ಲ. ಅನುಮಾನ ಇದ್ದರೆ ನಾನು ಇಲ್ಲೇ ಮುಂದಿನ ಸಾಲಿನಲ್ಲಿರುತ್ತೇನೆ.