ಸೆರಗಿನ ಗಂಟಿನಲ್ಲಿ ಬೆಲ್ಲ

ಕೇಳುಗರಿಗೆ ನಮಸ್ಕಾರ.

ಶುಗರ್ ಅಂದ ತಕ್ಷಣ ಅದು ಏರುವುದೇ ನಮ್ಮ ತಲೆಗೆ ಬರುತ್ತದೆ. ಇವತ್ತು ಅದು ಇಳಿಯುವ ಬಗ್ಗೆ ಮಾತಾಡುತ್ತೇನೆ. ಅದೂ ಸಕ್ಕರೆ ಕಾಯಿಲೆಯೇ ಇಲ್ಲದವರಲ್ಲಿ.

ಹೊಲಿಗೆ ಕೆಲಸ ಮಾಡುವ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದರು. ವಯಸ್ಸು ಐವತ್ತು ದಾಟಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರ. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಗಂಡನ ಗ್ಲುಕೋಮೀಟರ್‌ನಲ್ಲಿ ನೋಡಿದರೆ 42. ಬೆಲ್ಲ ತಿಂದರೆ ಸ್ವಲ್ಪ ಹೊತ್ತಿಗೆ ಸರಿ. ಸೆರಗಿನ ತುದಿಯಲ್ಲಿ ಒಂದು ಚೂರು ಬೆಲ್ಲ ಗಂಟು ಹಾಕಿಕೊಂಡೇ ಇರುತ್ತಿದ್ದರು.

ಮೊದಲು ತೋರಿಸಿದ ಕಡೆ ರಕ್ತದಲ್ಲಿ, ಸಕ್ಕರೆ ಇಳಿಸುವ ಇನ್ಸುಲಿನ್ ಎಷ್ಟಿದೆ ಅಂತ ನೋಡಿದ್ದರು. ಸಾವಿರ ದಾಟಿತ್ತು. ಸಕ್ಕರೆ ಅಷ್ಟು ಇಳಿದಾಗ ಇನ್ಸುಲಿನ್ ಮೂರಕ್ಕಿಂತ ಕಡಿಮೆ ಇರಬೇಕು. ಗಂಡನಿಗೆ ಇನ್ಸುಲಿನ್ ಇತ್ತಲ್ಲ, ಫ್ರಿಜ್ಜಿನಲ್ಲೇ ಇತ್ತಲ್ಲ. "ನೀವೇ ಗುಟ್ಟಾಗಿ ಚುಚ್ಚಿಕೊಳ್ತಿದ್ದೀರಾ?" ಅಂತ ಕೇಳಿದರಂತೆ. ಮನೆಯವರೂ ಅನುಮಾನಪಟ್ಟರು. ಕಾಯಿಲೆಗಿಂತ ಅದೇ ಅವರನ್ನು ಜಾಸ್ತಿ ನೋಯಿಸಿತ್ತು.

ಸುಳ್ಳು ಹಿಡಿಯಲು ಒಂದು ಪರೀಕ್ಷೆ ಇದೆ, ಸತ್ಯ ಹೇಳುವವರನ್ನು ಕಾಪಾಡುವುದೂ ಅದೇ. ಹೆಸರು ಸಿ-ಪೆಪ್ಟೈಡ್. ನಮ್ಮ ದೇಹ ಇನ್ಸುಲಿನ್ ಮಾಡುವಾಗ ಜೊತೆಗೇ ಇದೂ ಹುಟ್ಟುತ್ತದೆ. ಹೊರಗಿನಿಂದ ಚುಚ್ಚಿಕೊಂಡ ಇನ್ಸುಲಿನ್‌ನಲ್ಲಿ ಇದು ಇರುವುದಿಲ್ಲ. ಹಾಗಾಗಿ ಚುಚ್ಚಿಕೊಂಡವರಲ್ಲಿ ಸಿ-ಪೆಪ್ಟೈಡ್ ಬಿದ್ದುಹೋಗಿರುತ್ತದೆ. ಈ ತಾಯಿಗೆ ಅದು ಜಾಸ್ತಿಯೇ ಇತ್ತು. ಆದರೆ ಇನ್ಸುಲಿನ್ ಏರಿದಷ್ಟು ಏರಿರಲಿಲ್ಲ. ಆಗ ಇನ್ಸುಲಿನ್ ವಿರುದ್ಧದ ಪ್ರತಿಕಾಯಗಳ, ಅಂದರೆ ದೇಹದ ಕಾವಲು ಪಡೆ ಮಾಡುವ ಆ್ಯಂಟಿಬಾಡಿಗಳ ಪರೀಕ್ಷೆ ಮಾಡಿಸಿದೆವು. ಬಹಳ ಜಾಸ್ತಿ ಬಂತು.

ಇದರ ಹೆಸರು ಇನ್ಸುಲಿನ್ ಆಟೋಇಮ್ಯೂನ್ ಸಿಂಡ್ರೋಮ್. ಜಪಾನಿನ ಹಿರಾಟಾ ಎಂಬ ವೈದ್ಯರು 1970ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದರು. ದೇಹದ ಕಾವಲು ಪಡೆ ತನ್ನದೇ ಇನ್ಸುಲಿನ್‌ನ ಮೇಲೆ ಬೀಳುತ್ತದೆ. ಕೆರೆ ನೀರು ಕಟ್ಟಿಟ್ಟ ಹಾಗೆ, ಊಟದ ನಂತರ ಬಂದ ಇನ್ಸುಲಿನ್ ಅನ್ನು ಪ್ರತಿಕಾಯಗಳು ಹಿಡಿದಿಡುತ್ತವೆ. ಸಕ್ಕರೆ ಏರುತ್ತದೆ, ದೇಹ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ, ಅದೂ ಕೆರೆ ಸೇರುತ್ತದೆ. ಎಷ್ಟೋ ಹೊತ್ತಿನ ಮೇಲೆ, ಬೇಡದ ಹೊತ್ತಿನಲ್ಲಿ ತೂಬು ಬಿಚ್ಚಿಕೊಳ್ಳುತ್ತದೆ. ಅದೇ ಬೆಳಗಿನ ಜಾವದ ಬೆವರು.

ಯಾಕೆ ಬಂತು? ಅವರ ಚೀಲದಲ್ಲಿ ಉತ್ತರ ಇತ್ತು. ಕಾಲು ಜುಮ್ ಅನ್ನುತ್ತದೆ ಅಂತ ಎರಡು ತಿಂಗಳಿಂದ ನರದ ಮಾತ್ರೆ ನುಂಗುತ್ತಿದ್ದರು. ಅದರಲ್ಲಿ ಆಲ್ಫಾ ಲಿಪೋಯಿಕ್ ಆಸಿಡ್ ಇತ್ತು. ಥೈರಾಯ್ಡ್ ಜಾಸ್ತಿಯಾದಾಗ ಕೊಡುವ ಮೆಥಿಮಜೋಲ್, ಕಾರ್ಬಿಮಜೋಲ್‌ನಿಂದಲೂ ಹೀಗಾಗಬಹುದು. ಇವೆಲ್ಲ ಗಂಧಕದ ನಂಟಿರುವ ಔಷಧಿಗಳು. ಎಲ್ಲರಿಗೂ ಆಗುವುದಿಲ್ಲ, ಹುಟ್ಟಿನಿಂದ ಬಂದ ಕೆಲವು ಜೀನ್‌ಗಳಿದ್ದವರಿಗೆ ಅಪಾಯ ಜಾಸ್ತಿ. ಹೆದರಿ ನೀವೇ ಥೈರಾಯ್ಡ್ ಮಾತ್ರೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಆದರೆ ನರದ ಮಾತ್ರೆಯನ್ನು ಸುಮ್ನೆ ಶಕ್ತಿಗೆ ಅಂತ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಇಂಥದ್ದೇ ಇನ್ನೊಂದು ಕಾಯಿಲೆಯಲ್ಲಿ ಪ್ರತಿಕಾಯಗಳು ಇನ್ಸುಲಿನ್ ಕೂರುವ ಜಾಗಕ್ಕೇ ಅಂಟುತ್ತವೆ. ಕಾವಲು ಪಡೆ ತನ್ನ ಮೈಮೇಲೇ ಬೀಳುವ ಲೂಪಸ್ ಕಾಯಿಲೆ ಇದ್ದವರಲ್ಲಿ ಕಾಣಿಸುವುದುಂಟು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೋತರೂ ಸಕ್ಕರೆ ಇಳಿಯುತ್ತದೆ. ಅವರ ಮೈಬಣ್ಣ ಕಪ್ಪಾಗುತ್ತದೆ, ತೂಕ ಇಳಿಯುತ್ತದೆ.

ಇನ್ಸುಲಿನ್ ಸುರಿಸುವ ಗೆಡ್ಡೆ ಅಂದುಕೊಂಡು ಮೇದೋಜ್ಜೀರಕ ಗ್ರಂಥಿಗೆ ಚಾಕು ಹಾಕಿದ ಪ್ರಸಂಗಗಳೂ ಇವೆ. ಅದಕ್ಕೇ ಆಪರೇಷನ್ ಮಾತು ಬಂದರೆ, ಪ್ರತಿಕಾಯಗಳ ಪರೀಕ್ಷೆ ಆಗಿದೆಯಾ ಅಂತ ಧೈರ್ಯವಾಗಿ ಕೇಳಿ.

ಚಿಕಿತ್ಸೆಯಲ್ಲಿ ಮೊದಲ ಕೆಲಸ ಆ ಮಾತ್ರೆ ನಿಲ್ಲಿಸುವುದು. ಬಹಳಷ್ಟು ಜನರಿಗೆ ಕೆಲವು ತಿಂಗಳಲ್ಲಿ ಕಾಯಿಲೆ ತಾನಾಗಿಯೇ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಊಟ. ಅನ್ನ, ಸಿಹಿ ಕಡಿಮೆ. ಕಾಳು, ಮೊಟ್ಟೆ, ಮೊಸರು ಜಾಸ್ತಿ. ಊಟದ ಸಕ್ಕರೆ ನಿಧಾನವಾಗಿ ರಕ್ತ ಸೇರಲಿ ಅಂತ, ಮೊದಲ ತುತ್ತಿನ ಜೊತೆ ಅಕಾರ್ಬೋಸ್ ಮಾತ್ರೆ ಕೊಡುತ್ತೇವೆ. ಅದು ತಗೊಳ್ಳುವಾಗ ಬೆಲ್ಲ, ಸಕ್ಕರೆ ಬೇಗ ರಕ್ತ ಸೇರುವುದಿಲ್ಲ, ಶುಗರ್ ಇಳಿದರೆ ಗ್ಲುಕೋಸ್ ಪುಡಿಯೇ ಬೇಕು. ಆ ತಾಯಿಗೆ ಸೆರಗಿನ ಗಂಟು ಬಿಚ್ಚಿಸಿ ಗ್ಲುಕೋಸ್ ಪೊಟ್ಟಣ ಕೊಟ್ಟೆ. ಇಷ್ಟಕ್ಕೂ ಬಗ್ಗದಿದ್ದರೆ ಸ್ಟೀರಾಯ್ಡ್, ತೀರಾ ಕಷ್ಟವಾದರೆ ಪ್ರತಿಕಾಯಗಳ ಹುಟ್ಟು ತಗ್ಗಿಸುವ ರಿಟುಕ್ಸಿಮ್ಯಾಬ್ ಇಂಜೆಕ್ಷನ್.

ಮೂರು ತಿಂಗಳಿಗೆ ಅವರು ಬೆಳಗಿನವರೆಗೂ ನಿದ್ದೆ ಮಾಡುವಂತಾದರು. ಗಂಡನೂ ಬಂದಿದ್ದರು. "ಇವಳ ಮಾತು ನಂಬಬೇಕಿತ್ತು ಡಾಕ್ಟ್ರೇ" ಅಂದರು.

ಮನೆಯಲ್ಲಿ ಯಾರಾದರೂ ಹೀಗೆ ಬೆವರಿ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪಕ್ಕಕ್ಕೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೊರಡುವಾಗ ಮನೆಯಲ್ಲಿರುವ ಅಷ್ಟೂ ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಳ್ಳಿ. ನಮಸ್ಕಾರ.